ಟೈಲ್ಸ್ ಹಾಕಿಸೋ ಮುಂಚೆ ಕಾಲ ಕೆಳಗೊಮ್ಮೆ ನೋಡಿ

ಸ್ವಂತ ಮನೆಯ ಕನಸು ಯಾರಿಗಿಲ್ಲ ಹೇಳಿ? ಆದರೆ ನಿವೇಶನ ಕೊಂಡು, ಪಾಯ ತೆಗೆಸಿ, ಹೊಸದಾಗಿ ಕಟ್ಟಿಸುವಷ್ಟು ದುಡ್ಡು ಎಲ್ಲರ ಕೈಯಲ್ಲಿ ಇರೋದಿಲ್ಲ. ಹಾಗಾಗಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯಂಥ ನಮ್ಮ ಊರುಗಳಲ್ಲಿ ಎಷ್ಟೋ ದಂಪತಿಗೆ ಮೊದಲ ಸ್ವಂತ ಮನೆ ಅಂದರೆ ಯಾರೋ ಬಾಳಿ ಬದುಕಿದ ಹಳೆಯ ಮನೆಯೇ. ಪೇಟೆಯ ಒಳಗೆ, ಗುಡಿಯ ಹಿಂದೆ, ದಪ್ಪ ಗೋಡೆಯ, ಪಡಸಾಲೆಯ ಮನೆ.

ನೋಂದಣಿ ಮುಗಿದ ಮಾರನೇ ದಿನವೇ ಗೌಂಡಿ ಬರ್ತಾನೆ. ಪಡಸಾಲೆ ನಡುವೆ ನಿಂತು, ಕಾಲಿನಿಂದ ನೆಲ ತಟ್ಟಿ ಒಂದೇ ಮಾತು ಹೇಳ್ತಾನೆ: ‘ಈ ನೆಲಾ ಏನ್ ಇಡ್ತೀರಿ ಅಕ್ಕಾರ, ಮ್ಯಾಲಿಂದ ಮ್ಯಾಲ ಟೈಲ್ಸ್ ಕುಂದರಿಸಿ ಬಿಡ್ತೀನ್ರಿ. ನಾಕ್ ದಿನದ ಕೆಲಸ.’ ಯಜಮಾನರು ತಲೆ ಆಡಿಸ್ತಾರೆ. ಗೃಹಪ್ರವೇಶದ ಮುಹೂರ್ತ ಬೇರೆ ಹತ್ತಿರ ಬಂದಿರುತ್ತೆ. ಮತ್ತೆ ನೀವು? ಎಲ್ಲರಿಗೂ ಚಹಾ ಕೊಟ್ಟು ಸುಮ್ಮನಾಗ್ತೀರಿ.

ದಯವಿಟ್ಟು ಅವತ್ತು ಮಾತ್ರ ಸುಮ್ಮನಾಗಬೇಡಿ. ಆ ನೆಲದ ಮೇಲೆ ಮುಂದಿನ ಮೂವತ್ತು ವರ್ಷ ಕಸ ಗುಡಿಸೋದು, ಒರೆಸೋದು, ರಂಗೋಲಿ ಹಾಕೋದು, ಮಗುವನ್ನು ಅಂಬೆಗಾಲಿಗೆ ಬಿಡೋದು ನೀವು. ಗೌಂಡಿ ನಾಲ್ಕು ದಿನಕ್ಕೆ ಹೋಗ್ತಾನೆ. ಆದ್ದರಿಂದ ಹೇಳ್ತೀನಿ: ಹೊಸ ನೆಲ ಆರಿಸುವ ಮುಂಚೆ ಹಳೆಯ ನೆಲವನ್ನು ತೆಗೆದು, ತೊಳೆದು ನೋಡಿ. ಬಹುಪಾಲು ಮನೆಗಳಲ್ಲಿ ಅದು ನೀವು ಕೊಳ್ಳಲು ಹೊರಟಿರೋದಕ್ಕಿಂತ ಒಳ್ಳೆಯದಾಗಿರುತ್ತೆ.

ಹೊಲಸಿನ ಕೆಳಗೆ ಫರಸಿ

ತಾಳಿಕೋಟೆ ಅಂದ ತಕ್ಷಣ ಶಾಲೆಯಲ್ಲಿ ಓದಿದ 1565ರ ಯುದ್ಧ ನೆನಪಾಗುತ್ತೆ. ಆದರೆ ನಮ್ಮ ಕಡೆ ಮನೆ ಕಟ್ಟುವವರಿಗೆ ತಾಳಿಕೋಟೆ ಅಂದರೆ ಫರಸಿ. ಮೊದಲು ಮುದ್ದೇಬಿಹಾಳ ತಾಲ್ಲೂಕಿನಲ್ಲಿದ್ದು ಈಗ ತಾನೇ ತಾಲ್ಲೂಕು ಆಗಿರುವ ಈ ಊರಿನ ಸುತ್ತ ಇರುವುದೂ, ಕಲಬುರಗಿ ಜಿಲ್ಲೆಯ ಶಹಾಬಾದದಲ್ಲಿ ಇರುವುದೂ ಒಂದೇ ಬಳಗದ ಸುಣ್ಣದ ಕಲ್ಲು. ಕೋಟ್ಯಂತರ ವರ್ಷಗಳ ಹಿಂದೆ ನೀರಿನಡಿ ಪದರ ಪದರವಾಗಿ ಕೂತ ಸುಣ್ಣದ ಕೆಸರೇ ಹೀಗೆ ಗಟ್ಟಿಯಾಗಿದೆ. ಅದಕ್ಕೇ ರೊಟ್ಟಿ ಒಟ್ಟಿದ ಹಾಗೆ ಹಾಳೆ ಹಾಳೆಯಾಗಿ ಏಳುತ್ತೆ. ಬೂದು, ನಸುನೀಲಿ, ನಸು ಹಳದಿ ಹೀಗೆ ಒಂದೊಂದು ಹಾಸಿಗೂ ಒಂದೊಂದು ಛಾಯೆ. ಇಂಡಿ, ಸಿಂದಗಿ ಕಡೆಯ ಕರಿಕಲ್ಲು ಹೀಗೆ ಏಳೋದಿಲ್ಲ. ಅದು ಗೋಡೆಗೆ, ಪಾಯಕ್ಕೆ ಸರಿ. ನೆಲಕ್ಕೆ ಮಾತ್ರ ಫರಸಿಯೇ ಬರಬೇಕಿತ್ತು. ಮುಂಬೈಯಿಂದ ರಾಯಚೂರಿಗೆ ಶಹಾಬಾದದ ಮೇಲೆ ಹೋಗುವ ರೈಲು ಮಾರ್ಗ 1871ರಲ್ಲೇ ಮುಗಿದಿತ್ತು. ಶಹಾಬಾದದ ಕಲ್ಲು ದೂರದೂರದ ಊರುಗಳಲ್ಲಿ ಹೆಸರು ಮಾಡಿದ್ದರಲ್ಲಿ ಆ ರೈಲಿನ ಪಾಲು ದೊಡ್ಡದು.

ಅಂಥ ಕಲ್ಲು ನಿಮ್ಮ ಮನೆಯಲ್ಲಿದೆ, ಆದರೆ ಕಾಣಿಸ್ತಾ ಇಲ್ಲ. ಯಾಕೆ? ಒಬ್ಬರು ಅದರ ಮೇಲೆ ಪ್ಲಾಸ್ಟಿಕ್ ಹಾಸು ಅಂಟಿಸಿದ್ದಾರೆ. ಇನ್ನೊಬ್ಬರು ಸಿಮೆಂಟ್ ಗಿಲಾವು ಬಳಿದು ಕೆಂಪು ಬಣ್ಣ ಉಜ್ಜಿದ್ದಾರೆ. ಮತ್ತೊಬ್ಬರು ಅರ್ಧ ಖೋಲಿಗೆ ಬಿಳಿ ಟೈಲ್ಸ್ ಹಾಕಿಸಿ ಬಿಟ್ಟಿದ್ದಾರೆ. ಏನೂ ಮಾಡದವರ ಮನೆಯಲ್ಲಿ ಸುಣ್ಣ, ಪೇಂಟು, ಎಣ್ಣೆ, ಹೊಗೆ ಸೇರಿ ಕಲ್ಲು ಕಪ್ಪಾಗಿ ಕೂತಿದೆ. ನಾವು ನೋಡಿ ಮುಖ ಸಿಂಡರಿಸೋದು ಆ ಹೊಲಸಿಗೆ, ಕಲ್ಲಿಗಲ್ಲ.

ಅಮೆರಿಕದಲ್ಲಿರುವ ನಮ್ಮವರ ಮಕ್ಕಳು ಹಳೆಯ ಮನೆ ಕೊಂಡರೆ ಮೊದಲು ಮಾಡೋ ಕೆಲಸ ಏನು ಗೊತ್ತಾ? ಗೋಡೆಯಿಂದ ಗೋಡೆಗೆ ಅಂಟಿಸಿದ ಕಾರ್ಪೆಟ್ ಕಿತ್ತು, ಕೆಳಗಿನ ಓಕ್ ಮರದ ನೆಲ ಉಜ್ಜಿ ಹೊರಗೆ ತೆಗೆಯೋದು. ಎರಡನೇ ಮಹಾಯುದ್ಧದ ನಂತರ ಕಾರ್ಪೆಟ್ಟೇ ಶೋಕಿಯಾಗಿ, ಒಳ್ಳೇ ಮರದ ನೆಲಗಳೆಲ್ಲ ಅದರ ಕೆಳಗೆ ಮುಚ್ಚಿ ಹೋಗಿದ್ದವು. ಈಗ ಅದೇ ನೆಲಕ್ಕೆ ಅಲ್ಲಿ ಬಲು ಬೆಲೆ. ಅವರಿಗೆ ಓಕ್ ಮರ ಇದ್ದ ಹಾಗೆ ನಮಗೆ ಫರಸಿ. ನಾವೂ ಮುಚ್ಚಿ ಮರೆತ ಮೇಲೆ, ಮೊಮ್ಮಕ್ಕಳು ಕಿತ್ತು ತೆಗೆಯಲಿ ಅಂತ ಕಾಯಬೇಕಾ?

ಮೇಲಿಂದ ಮೇಲೆ ಹಾಕಿದರೆ ಏನಾಗುತ್ತೆ?

‘ಮ್ಯಾಲಿಂದ ಮ್ಯಾಲ’ ಅನ್ನೋ ಮಾತು ಕೇಳೋಕೆ ಸುಲಭ. ಸ್ವಲ್ಪ ಲೆಕ್ಕ ಹಾಕೋಣ. ಒಳಗಿನ ನೆಲ 20 ಅಡಿಗೆ 30 ಅಡಿ, ಅಂದರೆ 600 ಚದರ ಅಡಿ ಇದೆ ಅಂತಿಟ್ಟುಕೊಳ್ಳಿ. ಟೈಲ್ಸ್ ಕೆಳಗೆ ಎರಡು ಇಂಚು ಮಾಲು ಹಾಕಿದರೆ 100 ಘನ ಅಡಿ ಆಯಿತು. ಗೌಂಡಿಗಳ ಭಾಷೆಯಲ್ಲಿ ಪೂರಾ ಒಂದು ಬ್ರಾಸ್! ಐದು ಟನ್ನಿಗೂ ಹೆಚ್ಚು ಭಾರದ ಸಿಮೆಂಟು ಮತ್ತು ಉಸುಕನ್ನು ನಿಮ್ಮ ದುಡ್ಡಿನಲ್ಲೇ ತಂದು, ಒಳ್ಳೇ ಕಲ್ಲನ್ನು ಹೂಳಿದ ಹಾಗಾಯಿತು.

ನೆಲ ಎರಡೂವರೆ ಇಂಚು ಮೇಲೆ ಬಂತು ಅಂದರೆ ಅಷ್ಟಕ್ಕೇ ಮುಗಿಯೋದಿಲ್ಲ. ಹಳೆಯ ಸಾಗವಾನಿ ಬಾಗಿಲ ಬುಡ ಕೊಯ್ಯಬೇಕು. ಬಚ್ಚಲಿಗೆ, ಹಿತ್ತಲಿಗೆ ಹೋಗುವ ಇಳಿಜಾರು ಕೆಡುತ್ತೆ. ಶುಕ್ರವಾರ ಅರಿಶಿನ ಹಚ್ಚಿ ಕುಂಕುಮ ಇಡುವ ಹೊಸ್ತಿಲು ನೆಲದ ಮಟ್ಟಕ್ಕೆ ಇಳಿದು ಹೂತು ಹೋಗುತ್ತೆ. ಗೌಂಡಿ ಕೊಡುವ ಅಂದಾಜಿನಲ್ಲಿ ಬಡಗಿಯ ಕೂಲಿ ಬರೆದಿರೋದಿಲ್ಲ, ನೋಡಿ ಬೇಕಾದರೆ.

ಇನ್ನು ತೇವದ ಮಾತು. ಹಳೆಯ ಮನೆಯ ಗೋಡೆ ಕಲ್ಲು ಮತ್ತು ಮಣ್ಣಿನದು. ನೆಲದ ತಂಪು ಫರಸಿಯ ಸಂದಿನಿಂದ ಸ್ವಲ್ಪ ಸ್ವಲ್ಪವಾಗಿ ಆರುತ್ತಾ ಇರುತ್ತೆ. ಗಾಜಿನಂಥ ವಿಟ್ರಿಫೈಡ್ ಟೈಲ್ಸ್ ನೀರು ಹೀರುವುದೂ ಇಲ್ಲ, ಬಿಡುವುದೂ ಇಲ್ಲ. ದಾರಿ ಕಟ್ಟಿದಾಗ ತೇವ ಗೋಡೆ ಹಿಡಿದು ಮೇಲೆ ಏರುತ್ತೆ. ಮಳೆಗಾಲದಲ್ಲಿ ಗೋಡೆಯ ಬುಡದಲ್ಲಿ ಬಣ್ಣ ಉಬ್ಬಿ ಉದುರೋದಕ್ಕೆ ಎಷ್ಟೋ ಸಲ ಇದೇ ಕಾರಣ. ಪ್ರತಿ ವರ್ಷ ಬಣ್ಣ ಹಚ್ಚಿಸ್ತಾ ಇರ್ತೀವಿ, ಕೆಳಗೆ ನೋಡೋದಿಲ್ಲ.

ಎಲ್ಲಕ್ಕಿಂತ ಮುಖ್ಯ ನಮ್ಮ ಎರಿಭೂಮಿ. ಮಳೆ ಬಂದರೆ ಉಬ್ಬುತ್ತೆ, ಬೇಸಿಗೆಯಲ್ಲಿ ಬಾಯಿ ಬಿಡುತ್ತೆ. ಅದರ ಮೇಲೆ ಸಿಮೆಂಟಿನಲ್ಲಿ ಬಿಗಿದ ನೆಲ ಅಲ್ಲಲ್ಲಿ ಸೀಳೋದು ಸಹಜ. ಒಂದು ಟೈಲ್ಸ್ ಒಡೆದರೆ ಅದೇ ಬಣ್ಣ, ಅದೇ ಚಿತ್ರದ ಟೈಲ್ಸ್ ಐದು ವರ್ಷದ ಮೇಲೆ ಸಿಗುತ್ತಾ? ಗರಸಿನ ಮೇಲೆ ಕೂರಿಸಿದ ಫರಸಿ ಹಾಗಲ್ಲ. ಎದ್ದ ಹಾಸನ್ನು ಹಾರೆಯಿಂದ ಮೀಟಿ, ಕೆಳಗೆ ಎರಡು ಬುಟ್ಟಿ ಗರಸು ಹಾಕಿ, ಬಡಿದು, ಅದೇ ಕಲ್ಲನ್ನು ಮತ್ತೆ ಕೂರಿಸಬಹುದು. ನಮ್ಮ ಹಿರಿಯರು ಈ ಮಣ್ಣಿನ ಸ್ವಭಾವ ತಿಳಿದೇ ಫರಸಿ ಹಾಸಿದ್ದರು.

ಮೊದಲು ಒಂದು ಮೂಲೆ

ಹಾಗಂತ ಇವತ್ತೇ ಸುತ್ತಿಗೆ ಹಿಡೀಬೇಡಿ! ಮೊದಲು ಯಾರಿಗೂ ಕಾಣದ ಒಂದು ಮೂಲೆ ಆರಿಸಿಕೊಳ್ಳಿ. ಅಟ್ಟದ ಮೆಟ್ಟಿಲ ಕೆಳಗೆ, ಬಾಗಿಲ ಹಿಂದೆ, ಕಪಾಟು ಇಡುವ ಜಾಗ ಹೀಗೆ. ಅಲ್ಲಿ ಒಂದಡಿ ಚೌಕ ತೆಗೆದು ನೋಡಿದರೆ ಸಾಕು, ಇಡೀ ಮನೆಯ ಗುಣ ತಿಳಿಯುತ್ತೆ.

ಪ್ಲಾಸ್ಟಿಕ್ ಹಾಸಾದರೆ ಕೈಯಿಂದ ಎಬ್ಬಿಸಿ. ಉಳಿದ ಗೋಂದನ್ನು ಬಿಸಿನೀರಿನಲ್ಲಿ ನೆನೆಸಿ, ಮರದ ಅಥವಾ ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆಯಿರಿ. ಸಿಮೆಂಟ್ ಗಿಲಾವಾದರೆ ಚಾಣವನ್ನು ನೆಟ್ಟಗೆ ಹೊಡೆಯದೆ ಅಡ್ಡ ಓರೆಯಾಗಿ ಹಿಡಿದು ಸಣ್ಣ ಸುತ್ತಿಗೆಯಿಂದ ತಟ್ಟಿಸಿ. ನುಣುಪು ಫರಸಿಯ ಮೇಲೆ ತೆಳ್ಳಗೆ ಬಳಿದ ಗಿಲಾವು ಎಷ್ಟೋ ಕಡೆ ಹಪ್ಪಳದ ಹಾಗೆ ಏಳುತ್ತೆ. ಬಿಡದೇ ಕಚ್ಚಿಕೊಂಡಿದ್ದರೆ ಮೊಂಡು ಹಠ ಬೇಡ, ಅದನ್ನು ಪಾಲಿಶ್ ಮಷಿನ್ನಿಗೆ ಬಿಡಿ. ಟೈಲ್ಸ್ ಕಿತ್ತುವಾಗ ಚೂರು ಸಿಡಿಯುತ್ತೆ. ಕಣ್ಣಿಗೆ ಕನ್ನಡಕ, ಮೂಗಿಗೆ ಒಳ್ಳೆಯ ಮಾಸ್ಕ್ ಇರಲಿ. ಟೈಲ್ಸ್, ಸಿಮೆಂಟಿನ ಧೂಳು ಪುಪ್ಪುಸಕ್ಕೆ ಕೆಟ್ಟದ್ದು, ಬರೀ ಸೀರೆ ಸೆರಗು ಅದನ್ನು ತಡೆಯೋದಿಲ್ಲ. ನೀರು ಚಿಮುಕಿಸುತ್ತಾ ಕೆಲಸ ಮಾಡಿಸಿ. ಮಕ್ಕಳು, ಬಸುರಿಯರು, ದಮ್ಮು ಇರುವವರು ಆ ದಿನ ಮನೆಯಲ್ಲಿ ಇರಬಾರದು.

ಕಲ್ಲು ಕಂಡಿತಾ? ಇಂಡಿ ಲಿಂಬೆಹಣ್ಣಿಗೆ ಹೆಸರಾದ ಊರು ತಾನೇ, ಒಂದು ಲಿಂಬೆಹಣ್ಣೇ ನಿಮ್ಮ ಪರೀಕ್ಷಕ! ಆ ಮೂಲೆಯ ಕಲ್ಲಿನ ಮೇಲೆ ಒಂದೇ ಹನಿ ರಸ ಬಿಡಿ. ಸಣ್ಣಗೆ ನೊರೆ ಎದ್ದರೆ ಅದು ಸುಣ್ಣದ ಕಲ್ಲು, ಅಂದರೆ ಫರಸಿಯೇ. ನೊರೆ ಬಾರದಿದ್ದರೆ ಕರಿಕಲ್ಲೋ ಗ್ರಾನೈಟೋ ಇರಬಹುದು. ನೋಡಿದ ಕೂಡಲೇ ನೀರಿನಿಂದ ತೊಳೆದುಬಿಡಿ.

ಟೊಳ್ಳು ಸದ್ದು ಬಂದರೆ ಎಚ್ಚರ

ಇದು ನಮ್ಮ ಭಾಗದವರು ಮರೆಯಲೇಬಾರದ ಮಾತು. ಹಳೆಯ ಮನೆಗಳಲ್ಲಿ ನೆಲದೊಳಗೆ ಜೋಳ ತುಂಬಿಡುವ ಹಗೇವು ಇರುತ್ತಿತ್ತು. ಧಾನ್ಯ ಇಡೋದು ನಿಂತ ಮೇಲೆ ಬಾಯಿಗೆ ಕಲ್ಲು ಮುಚ್ಚಿ ಹಾಗೇ ಬಿಟ್ಟಿದ್ದಾರೆ. ಫರಸಿ ಎಬ್ಬಿಸುವ ಮುಂಚೆ ಕೋಲಿನಿಂದ ನೆಲವೆಲ್ಲ ತಟ್ಟುತ್ತಾ ಬನ್ನಿ. ಒಂದು ಕಡೆ ಮಾತ್ರ ‘ಡಬ್ ಡಬ್’ ಅಂತ ಟೊಳ್ಳು ಸದ್ದು ಬಂದರೆ ಅಲ್ಲಿ ನಿಂತುಬಿಡಿ.

ಹಗೇವಿನ ಒಳಗೆ ಉಸಿರಾಡುವ ಗಾಳಿ ಇರೋದಿಲ್ಲ. ಧಾನ್ಯ ಕೊಳೆತು ಹುಟ್ಟಿದ ಕೆಟ್ಟ ಗಾಳಿ ತಳದಲ್ಲಿ ಕೂತಿರುತ್ತೆ. ಇಳಿದವನು ಕೂಗುವಷ್ಟರಲ್ಲಿ ಪ್ರಜ್ಞೆ ತಪ್ಪಬಹುದು, ಎತ್ತಲು ಇಳಿದ ಇನ್ನೊಬ್ಬನ ಗತಿಯೂ ಅದೇ. ‘ಅಜ್ಜನ ಕಾಲದ ಬಂಗಾರ ಇದ್ದೀತು’ ಅಂತ ಯಾರನ್ನೂ ಇಳಿಸಬೇಡಿ. ಯಾರೂ ಇಳಿಯದೆಯೇ, ಮೇಲಿಂದಲೇ ಗರಸು ಸುರಿದು, ನೀರು ಹಾಕಿ, ಪದರ ಪದರವಾಗಿ ತುಂಬಿಸಿ. ಅದಾದ ಮೇಲೆ ಫರಸಿ ಕೂರಿಸಿ. ಇದೊಂದು ವಿಷಯ ತಿಳಿಯದೆ ಮೇಲಿಂದ ಮೇಲೆ ಟೈಲ್ಸ್ ಹಾಕಿದ ಮನೆಯಲ್ಲಿ ಹಗೇವು ಹಾಗೇ ಉಳಿದು, ಒಂದು ದಿನ ನೆಲವೇ ಕುಸಿಯಬಹುದು. ಇದಕ್ಕಾದರೂ ತೆಗೆದು ನೋಡಬೇಕು ಅಲ್ವಾ?

ಆ್ಯಸಿಡ್ ಬೇಡವೇ ಬೇಡ

ಫರಸಿ ತೊಳೆಯಲು ಬಂದವರು ಮೊದಲು ಕೇಳೋದು ‘ಆ್ಯಸಿಡ್ ಬಾಟ್ಲಿ ತರಸ್ರಿ’ ಅಂತ. ಖಡಾಖಂಡಿತ ಬೇಡ ಅನ್ನಿ. ಒಂದು ಹನಿ ಲಿಂಬೆರಸಕ್ಕೇ ನೊರೆ ಬಿಡುವ ಕಲ್ಲು ಸಂಡಾಸು ತೊಳೆಯುವ ಆ್ಯಸಿಡ್ಡಿಗೆ ಉಳಿಯುತ್ತಾ? ಆ ಕ್ಷಣಕ್ಕೆ ಹೊಲಸು ಹೋಗಿ ಬೆಳ್ಳಗೆ ಕಾಣುತ್ತೆ, ನಿಜ. ಆದರೆ ಕಲ್ಲಿನ ಮೈ ಕರಗಿ ಒರಟಾಗಿ, ಆಮೇಲೆ ಮೊದಲಿಗಿಂತ ಎರಡು ಪಟ್ಟು ಬೇಗ ಹೊಲಸು ಹಿಡಿಯುತ್ತೆ. ಸಿಂದಗಿಯ ನನ್ನ ಗೆಳತಿಯೊಬ್ಬಳ ಮನೆಯ ನಡುಮನೆ ಹೀಗೇ ಕೆಟ್ಟಿತು. ಅವಳು ಅಡುಗೆಮನೆಯಲ್ಲಿದ್ದಾಗ ತೊಳೆಯಲು ಬಂದವರು ಸುರಿದೇ ಬಿಟ್ಟಿದ್ದರು. ಇಡೀ ಖೋಲಿಯನ್ನು ಮತ್ತೆ ಮಷಿನ್ನಿನಿಂದ ಉಜ್ಜಿಸಬೇಕಾಯಿತು.

ಬಿಸಿನೀರಿಗೆ ಸ್ವಲ್ಪ ವಾಷಿಂಗ್ ಸೋಡಾ ಬೆರೆಸಿ, ನಾರಿನ ಬ್ರಷ್ಷಿನಿಂದ ತಿಕ್ಕಿ, ಶುದ್ಧ ನೀರಿನಲ್ಲಿ ಎರಡು ಸಲ ತೊಳೆಯಿರಿ. ಕೈಗೆ ಗ್ಲೌಸ್ ಇರಲಿ. ಅರ್ಧದಷ್ಟು ಕೊಳೆ ಇದಕ್ಕೇ ಬಿಡುತ್ತೆ. ದೇವರ ಖೋಲಿಯ ಎಣ್ಣೆ ಕಲೆಗೆ ಸೀಮೆಸುಣ್ಣದ ಪುಡಿಯನ್ನು ಸಾಬೂನು ನೀರಿನಲ್ಲಿ ದೋಸೆ ಹಿಟ್ಟಿಗಿಂತ ಗಟ್ಟಿಯಾಗಿ ಕಲಸಿ, ಕಲೆಯ ಮೇಲೆ ಅರ್ಧ ಇಂಚು ದಪ್ಪ ಮೆತ್ತಿ, ಪ್ಲಾಸ್ಟಿಕ್ ಹಾಳೆ ಮುಚ್ಚಿ ಒಂದು ದಿನ ಬಿಡಿ. ಆಮೇಲೆ ಹಾಳೆ ತೆಗೆದು ಒಣಗಲು ಬಿಟ್ಟರೆ ಪುಡಿ ಎಣ್ಣೆಯನ್ನು ಹೀರಿ ಮೇಲೆ ತರುತ್ತೆ. ಹಳೆಯ ಕಲೆಗೆ ಎರಡು ಮೂರು ಸಲ ಮಾಡಬೇಕಾಗಬಹುದು.

ಕನ್ನಡಿ ಹೊಳಪು ಬೇಕಾ?

ಎದ್ದ, ಕುಸಿದ ಹಾಸುಗಳನ್ನು ಮೊದಲು ಸರಿಮಾಡಿಸಿ. ಎಬ್ಬಿಸುವ ಮುಂಚೆ ಪ್ರತಿ ಕಲ್ಲಿಗೂ ಸೀಮೆಸುಣ್ಣದಿಂದ ನಂಬರ್ ಹಾಕಿ, ಒಂದು ಹಾಳೆಯಲ್ಲಿ ನಕ್ಷೆ ಬರೆದಿಟ್ಟುಕೊಳ್ಳಿ. ಇಲ್ಲದಿದ್ದರೆ ಸಂಜೆಗೆ ಯಾವ ಕಲ್ಲು ಎಲ್ಲಿಯದು ಅಂತ ಗೌಂಡಿಗೂ ಗೊತ್ತಾಗೋದಿಲ್ಲ! ಒಡೆದದ್ದಕ್ಕೆ ಬದಲಿ ಬೇಕಾದರೆ ನಿಮ್ಮದೇ ಹಿತ್ತಲಿನ ಕಲ್ಲು ನೋಡಿ, ಇಲ್ಲವೇ ಊರಲ್ಲಿ ಕೆಡವುತ್ತಿರುವ ಹಳೆಯ ಮನೆಯಲ್ಲಿ ಕೇಳಿ. ಹಳೆಯದಕ್ಕೆ ಹಳೆಯದೇ ಹೊಂದೋದು. ಮಣ್ಣಿನ ಗೋಡೆಯ ಮನೆಯಾದರೆ ಸಂದಿಗೆ ಸುಣ್ಣ, ಉಸುಕಿನ ಗಾರೆ ಒಳ್ಳೆಯದು.

ನಂತರ ಪಾಲಿಶ್. ಮಷಿನ್ನಿನ ಉಜ್ಜುಕಲ್ಲಿಗೆ ನಂಬರ್ ಇರುತ್ತೆ. 60, 120, 220, 400 ಹೀಗೆ ನಂಬರ್ ದೊಡ್ಡದಾದಷ್ಟೂ ನುಣುಪು ಹೆಚ್ಚು. ನಡುವಿನ ನಂಬರ್ ಬಿಟ್ಟು ಜಿಗಿದರೆ ಗೀರು ಉಳಿಯುತ್ತೆ, ಅದಕ್ಕೇ ಪಕ್ಕದಲ್ಲಿ ನಿಂತು ಎಣಿಸಿ. ನನ್ನನ್ನು ಕೇಳಿದರೆ 220ಕ್ಕೋ 400ಕ್ಕೋ ನಿಲ್ಲಿಸಿ. ಮುಖ ಕಾಣುವ ಹೊಳಪು ಬಂದ ನೆಲ, ಅದು ಫರಸಿಯಾಗಲಿ ಟೈಲ್ಸ್ ಆಗಲಿ, ಒದ್ದೆಯಾದಾಗ ಜಾರುತ್ತೆ. ಬಚ್ಚಲಿಂದ ಬರುವ ಅತ್ತೆ ಒಂದು ಸಲ ಜಾರಿ ಬಿದ್ದು ಸೊಂಟದ ಎಲುಬು ಮುರಿದರೆ ಆ ಹೊಳಪಿನ ಬೆಲೆ ಎಷ್ಟಾಯಿತು?

ನೀರು ಹಾಕಿ ಓಡಿಸುವ ಮಷಿನ್ ಇದು. ಮನೆಯ ಅರ್ಥಿಂಗ್ ಸರಿ ಇದೆಯಾ, ಶಾಕ್ ಹೊಡೆಯುವ ಮುಂಚೆ ಕರೆಂಟ್ ಕಡಿಯುವ ಇಎಲ್‌ಸಿಬಿ ಇದೆಯಾ ಅಂತ ಮೊದಲೇ ನೋಡಿಸಿ. ಉಜ್ಜಿದ ಕೆಸರನ್ನು ಮೋರಿಗೆ ಬಿಡಬೇಡಿ, ಗಟ್ಟಿಯಾಗಿ ಪೈಪೇ ಕಟ್ಟಿಕೊಳ್ಳುತ್ತೆ. ಬುಟ್ಟಿಗೆ ಬಳಿದು ಒಣಗಿಸಿ ಹೊರಗೆ ಹಾಕಿಸಿ.

ಆಮೇಲೆ ದಿನದ ಕೆಲಸ ಹೆಚ್ಚೇನಿಲ್ಲ. ನೀರಿಗೆ ನಾಲ್ಕು ಹನಿ ಸೌಮ್ಯವಾದ ಸೋಪು ಸಾಕು. ಹುಣಸೆಹುಳಿ, ಮಜ್ಜಿಗೆ, ಲಿಂಬೆರಸ ಚೆಲ್ಲಿದರೆ ಮಾತ್ರ ‘ಆಮ್ಯಾಲೆ ಒರೆಸಿದರಾಯ್ತು’ ಅನ್ನದೆ ಆಗಲೇ ಒರೆಸಿ.

ಎಲ್ಲ ನೆಲವೂ ಉಳಿಯೋದಿಲ್ಲ

ಟೈಲ್ಸ್ ಹಾಕಿಸಿದವರೆಲ್ಲ ತಪ್ಪು ಮಾಡಿದ್ದಾರೆ ಅಂತ ನಾನು ಹೇಳೋದಿಲ್ಲ. ಬೆರಳಿನಿಂದ ಕೆರೆದರೆ ಪದರ ಏಳುವ, ಪುಡಿ ಉದುರುವ ಕಲ್ಲನ್ನು ಉಳಿಸೋದು ವ್ಯರ್ಥ. ಅರ್ಧಕ್ಕಿಂತ ಹೆಚ್ಚು ಹಾಸು ಒಡೆದಿದ್ದರೂ ಅಷ್ಟೇ. ಬಚ್ಚಲಿಗೆ ಒರಟು ಮೈಯ ಟೈಲ್ಸ್ ಅನುಕೂಲ. ಅಡುಗೆಕಟ್ಟೆಗೆ ಹುಳಿಗೆ ಹೆದರದ ಗ್ರಾನೈಟ್ ಒಳ್ಳೆಯದು. ಹಾಗೆ ಹೊಸದನ್ನು ಹಾಕಿಸುವುದಾದರೂ ಹಳೆಯದನ್ನು ತೆಗೆದು, ಗರಸು ಬಡಿದು ಹಾಕಿಸಿ. ತೆಗೆದ ಒಳ್ಳೆಯ ಫರಸಿಯನ್ನು ಹಿತ್ತಲಿಗೆ, ಕಟ್ಟೆಗೆ ಬಳಸಿ. ಇನ್ನು ನಿಮ್ಮದು ಫರಸಿಯಲ್ಲದೆ ಹಳೆಯ ಕೆಂಪು ಸಿಮೆಂಟಿನ ನೆಲವೇ ಆಗಿದ್ದರೆ ಅದಕ್ಕೂ ಜೀವ ಇದೆ. ತೊಳೆದು, ಒಣಗಿಸಿ, ಅಗಸೆ ಎಣ್ಣೆಯನ್ನು ತೆಳ್ಳಗೆ ಬಟ್ಟೆಯಿಂದ ತಿಕ್ಕಿ ನೋಡಿ. ತಿಕ್ಕಿದ ಬಟ್ಟೆಯನ್ನು ಮುದ್ದೆ ಮಾಡಿ ಒಗೆಯಬೇಡಿ, ತಾನಾಗಿ ಬೆಂಕಿ ಹತ್ತಿಕೊಳ್ಳಬಹುದು. ಹರವಿ, ಒಣಗಿಸಿ ಬಿಸಾಕಿ.

ಮಾತು ನಿಮ್ಮದಾಗಲಿ

‘ನೋಡಿದವರು ಏನಂತಾರ? ಸಾಲಾ ಮಾಡಿ ಮನಿ ತಗೊಂಡು ಹಳೀ ನೆಲಾನ ಇಟ್ಟಾರ ಅಂತಾರ’ ಅನ್ನೋದೇ ಬಹಳ ಮನೆಗಳಲ್ಲಿ ಕಡೆಯ ವಾದ. ಅನ್ನುವವರು ಗೃಹಪ್ರವೇಶದ ದಿನ ಹೋಳಿಗೆ ಉಂಡು ಹೋಗ್ತಾರೆ. ಸಾಲದ ಕಂತು ಕಟ್ಟೋದು, ನೆಲ ಒರೆಸೋದು ಅವರಲ್ಲ. ಮನೆ ಯಾರ ಹೆಸರಿನಲ್ಲೇ ಇರಲಿ, ನೆಲದ ಮೇಲೆ ದಿನಕ್ಕೆ ಹತ್ತಾರು ಸಲ ಬಗ್ಗುವವಳಿಗೆ ಅದರ ಬಗ್ಗೆ ಮಾತಾಡುವ ಹಕ್ಕು ಮೊದಲು ಇದೆ. ಇದು ಹಟವಲ್ಲ, ಲೆಕ್ಕ.

ಜಗಳ ಆಡಬೇಕಿಲ್ಲ. ಎರಡು ಅಂದಾಜು ಬರೆಸಿ. ಒಂದರಲ್ಲಿ ಟೈಲ್ಸ್, ಸಿಮೆಂಟು, ಉಸುಕು, ಕೂಲಿ, ಬಾಗಿಲು ಕೊಯ್ಯುವ ಬಡಗಿ, ಗೋಡೆಯಂಚಿನ ಪಟ್ಟಿ ಎಲ್ಲ ಇರಲಿ. ಇನ್ನೊಂದರಲ್ಲಿ ಫರಸಿ ತೆಗೆಯುವ, ಕೂರಿಸುವ, ಪಾಲಿಶ್ ಮಾಡುವ ಕೂಲಿ ಇರಲಿ. ಎರಡನ್ನೂ ಯಜಮಾನರ ಮುಂದಿಟ್ಟು, ತೊಳೆದ ಆ ಒಂದಡಿ ಮೂಲೆಯನ್ನು ತೋರಿಸಿ. ಮುಹೂರ್ತ ಹತ್ತಿರವಿದ್ದರೆ ದೇವರ ಖೋಲಿ, ಪಡಸಾಲೆ ಎರಡೇ ಮೊದಲು ಮಾಡಿಸಿ. ಉಳಿದ ಖೋಲಿ ಒಂದೊಂದಾಗಿ, ಕೈಯಲ್ಲಿ ದುಡ್ಡು ಬಂದ ಹಾಗೆ ಆಗಲಿ. ಟೈಲ್ಸ್ ಅಂಗಡಿ ಎಲ್ಲೂ ಹೋಗೋದಿಲ್ಲ, ಬೇಕೆನಿಸಿದರೆ ಮುಂದಿನ ವರ್ಷವೂ ಹಾಕಿಸಬಹುದು. ಸಿಮೆಂಟಿನ ಕೆಳಗೆ ಸೇರಿದ ಫರಸಿಯನ್ನು ಮಾತ್ರ ಅಷ್ಟು ಸುಲಭವಾಗಿ ಮತ್ತೆ ಮೇಲೆ ತರಲಾಗದು.